ರೈಲು ಓಡಾಟದ ನಡುವೆ ಸಿಗ್ನಲ್ ಬದಲಿಸೋದು ಹೇಗೆ?

ಪುತ್ತೂರಿನವರು ಕಬಕ ಪುತ್ತೂರಲ್ಲಿ, ಸುಳ್ಯ-ಕಡಬದವರು ನೆಟ್ಟಣದ ಸುಬ್ರಹ್ಮಣ್ಯ ರೋಡಲ್ಲಿ ರೈಲು ಹತ್ತುತ್ತೀರಿ. ಸ್ಟೇಷನ್ನಿನ ಹಳೇ ಸಿಗ್ನಲ್ ತೆಗೆದು ಹೊಸದು ಹಾಕಬೇಕಾದ್ರೆ ರೈಲು ಪೂರ್ತಿ ನಿಲ್ಲಿಸೋಕಾಗುತ್ತಾ?

ಕಷ್ಟ. ನಮ್ಮ ಈ ಮಾರ್ಗ ಒಂಟಿ ಹಳಿ. ನೆಟ್ಟಣದಿಂದ ಸಕಲೇಶಪುರಕ್ಕೆ 55 ಕಿಲೋಮೀಟರ್ ಘಾಟಿ, 57 ಸುರಂಗ. ಹತ್ತಿರದಲ್ಲಿ ಬಳಸುದಾರಿ ಇಲ್ಲ. ಹಾಗಾಗಿ ಕೆಲಸ ಹಂತ ಹಂತವಾಗಿ.

ಮೊದಲು ಕಾಗದದ ಮೇಲೆ ಪಟ್ಟಿ: ಯಾವ ಸಿಗ್ನಲ್ ಬಿಡೋಕೆ ಯಾವ ಪಾಯಿಂಟ್ (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸೋ ಜಾಗ) ಎತ್ತ ತಿರುಗಿರಬೇಕು, ಯಾವ ಗೇಟು ಮುಚ್ಚಿರಬೇಕು. ಸಿಗ್ನಲ್, ಪಾಯಿಂಟ್, ಗೇಟುಗಳನ್ನು ಹೀಗೆ ಒಂದಕ್ಕೊಂದು ಬೆಸೆಯೋದೇ ಇಂಟರ್‌ಲಾಕಿಂಗಿನ ಜೀವಾಳ.

ಆಮೇಲೆ ಹೊಸ ವ್ಯವಸ್ಥೆಗೆ ಫ್ಯಾಕ್ಟರಿಯಲ್ಲೇ ಪರೀಕ್ಷೆ. ಹಸಿರು ಬರೋದನ್ನು ನೋಡೋದು ಸುಲಭ. ಹಳಿ ಮೇಲೆ ರೈಲಿದ್ದಾಗ ಹಸಿರು ಬರಲೇಬಾರದು. ಅಸಲಿ ಪರೀಕ್ಷೆ ಅದು.

ನಂತರ ಬದಲಾವಣೆಯ ದಿನಗಳು. ಆಗ ಇಂಟರ್‌ಲಾಕಿಂಗ್ ಇರಲ್ಲ. ಪಾಯಿಂಟನ್ನು ಕೈಯಲ್ಲೇ ತಿರುಗಿಸಿ, ಕ್ಲಾಂಪ್ ಹಾಕಿ, ಬೀಗ ಜಡಿದು, ರೈಲನ್ನು ನಿಧಾನಕ್ಕೆ ಬಿಡ್ತಾರೆ. ಹೊಸ ತಂತಿಗಳನ್ನು ನಕ್ಷೆ ಜೊತೆ ಒಂದೊಂದಾಗಿ ತಾಳೆ ನೋಡ್ತಾರೆ. ಸ್ಟೇಷನ್ನಿನ ಪರದೆ ತೋರಿಸಿದ್ದೇ ಹಳಿ ಮೇಲೂ ಇದ್ದರೆ ಮಾತ್ರ ಸಹಿ.

ಯಾಕಿಷ್ಟು ಕಟ್ಟುನಿಟ್ಟು? 2023ರ ಫೆಬ್ರವರಿ 8. ನಮ್ಮದೇ ಮೈಸೂರು ವಿಭಾಗದ ಹೊಸದುರ್ಗ ರೋಡ್. ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ರೈಲಿಗೆ ಸಿಗ್ನಲ್ ಸಿಕ್ಕಿತ್ತು, ಪಾಯಿಂಟ್ ಮಾತ್ರ ತಪ್ಪು ಹಳಿಗೆ ತಿರುಗಿತ್ತು. ಲೋಕೋ ಪೈಲಟ್ ಗಮನಿಸಿ ನಿಲ್ಲಿಸಿದರು. ಅದೇ ವರ್ಷ ಜೂನ್ 2, ಒಡಿಶಾದ ಬಹನಾಗಾ ಬಜಾರ್: ತಂತಿ ಜೋಡಣೆಯ ತಪ್ಪಿನಿಂದಾದ ರೈಲು ಅಪಘಾತದಲ್ಲಿ 290ಕ್ಕೂ ಹೆಚ್ಚು ಜನ ಜೀವ ಕಳ್ಕೊಂಡರು.

ಇಂಟರ್‌ಲಾಕಿಂಗ್ ಇಲ್ಲದ ಆ ದಿನಗಳ ಕೆಲಸಕ್ಕೆ ‘ನಾನ್-ಇಂಟರ್‌ಲಾಕಿಂಗ್ ಕಾಮಗಾರಿ’ ಅಂತಾರೆ. ಆ ಪ್ರಕಟಣೆ ಕಂಡ್ರೆ, ಹೊರಡೋ ಮುಂಚೆ 139ಕ್ಕೆ ಕರೆ ಮಾಡಿ, ಸಮಯ ಕೇಳ್ಕೊಳ್ಳಿ.