ಪಂಪುಸೆಟ್ಟು: ಕೊಳ್ಳುವ ಬೆಲೆ ಮತ್ತು ಬಾಳುವ ಖರ್ಚು

ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು ಸುತ್ತಮುತ್ತ ಮಾವು, ಟೊಮೇಟೊ ಬೆಳೆಗಾರರಿಗೆ ಕೊಳವೆ ಬಾವಿಯೇ ಆಧಾರ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಅಂತರ್ಜಲವೂ ಬಹಳ ಆಳಕ್ಕೆ ಇಳಿದಿದೆ. ಸಬ್‌ಮರ್ಸಿಬಲ್ ಪಂಪು ಕೊಳ್ಳುವಾಗ ಅನೇಕ ರೈತರು ಅಂಗಡಿಯ ಬೆಲೆಯನ್ನಷ್ಟೇ ಹೋಲಿಸುತ್ತಾರೆ. ಆದರೆ ಆಳದ ಬಾವಿಯಲ್ಲಿ ಮೋಟಾರು ಸುಟ್ಟರೆ ಅದನ್ನು ಪೈಪು ಸಮೇತ ಎತ್ತಿಸಿ, ವೈಂಡಿಂಗ್ ಮಾಡಿಸಿ, ಮತ್ತೆ ಇಳಿಸಬೇಕು. ಈ ಖರ್ಚು ಪದೇ ಪದೇ ಬರುವಂಥದು.

ಒಂದೇ ಅಶ್ವಶಕ್ತಿಯ ಎರಡು ಪಂಪುಗಳನ್ನು 8 ವರ್ಷ ಬಳಸುವುದೆಂದು ಇಟ್ಟುಕೊಳ್ಳೋಣ. ಕೆಳಗಿನ ದರಗಳು ಉದಾಹರಣೆಗಾಗಿ ಮಾತ್ರ; ರೈತರು ತಮ್ಮ ಊರಿನ ದರ ಹಾಕಿ ನೋಡಬೇಕು.

ಅಗ್ಗದ ಪಂಪು
ಬೆಲೆ ರೂ. 45,000, ಕೊನೆಗೆ ಬರುವ ಬೆಲೆ ರೂ. 5,000
ಸವಕಳಿ: ರೂ. 40,000
ಸರಾಸರಿ ಬಂಡವಾಳ ರೂ. 25,000ಕ್ಕೆ ಶೇ. 10ರ ಬಡ್ಡಿ: ರೂ. 20,000
4 ದುರಸ್ತಿ, ತಲಾ ರೂ. 17,000: ರೂ. 68,000
ಒಟ್ಟು: ರೂ. 1,28,000

ದುಬಾರಿ ಪಂಪು
ಬೆಲೆ ರೂ. 65,000, ಕೊನೆಗೆ ಬರುವ ಬೆಲೆ ರೂ. 9,000
ಸವಕಳಿ: ರೂ. 56,000
ಸರಾಸರಿ ಬಂಡವಾಳ ರೂ. 37,000ಕ್ಕೆ ಬಡ್ಡಿ: ರೂ. 29,600
2 ದುರಸ್ತಿ: ರೂ. 34,000
ಒಟ್ಟು: ರೂ. 1,19,600

ಅಂದರೆ ದುಬಾರಿ ಪಂಪಿನಿಂದ ರೂ. 8,400 ಉಳಿತಾಯ. ಆದರೆ ಅದು ಒಂದೇ ದುರಸ್ತಿಯನ್ನು ತಪ್ಪಿಸಿದರೆ ಅಗ್ಗದ ಪಂಪೇ ಲಾಭಕರ. ಏಕೆಂದರೆ ಸವಕಳಿ, ಬಡ್ಡಿ ಸೇರಿ ದುಬಾರಿ ಪಂಪಿಗೆ ರೂ. 25,600 ಹೆಚ್ಚು ತಗಲುತ್ತದೆ. ಇದು ಒಂದೂವರೆ ದುರಸ್ತಿಯ ಖರ್ಚಿಗೆ ಸಮ. ಆದುದರಿಂದ ಕನಿಷ್ಠ ಎರಡು ದುರಸ್ತಿ ತಪ್ಪುವಂತಿದ್ದರೆ ಮಾತ್ರ ಹೆಚ್ಚು ಬೆಲೆ ತೆರುವುದು ಲೇಸು.

ರಾಜ್ಯದಲ್ಲಿ 10 ಅಶ್ವಶಕ್ತಿವರೆಗಿನ ನೀರಾವರಿ ಪಂಪುಗಳಿಗೆ ವಿದ್ಯುತ್ ಉಚಿತವಾದ್ದರಿಂದ ಅದರ ಬಿಲ್ಲನ್ನು ಸೇರಿಸಿಲ್ಲ. ಆದರೂ ದಕ್ಷ ಪಂಪು, ಕರೆಂಟು ಇರುವ ಕೆಲವೇ ಗಂಟೆಗಳಲ್ಲಿ ಹೆಚ್ಚು ನೀರೆತ್ತುತ್ತದೆ. ಬೆಳೆ ನಷ್ಟವನ್ನೂ ಇಲ್ಲಿ ಹಿಡಿದಿಲ್ಲ. ಟೊಮೇಟೊ ಹೂ ಬಿಟ್ಟಾಗ ವಾರ ಕಾಲ ನೀರು ನಿಂತರೆ ಹೂ ಉದುರುತ್ತದೆ. ನೀರು ಏರುಪೇರಾದರೆ ಹಣ್ಣು ಬಿರಿಯುತ್ತದೆ.

ಕೊಳ್ಳುವ ಮುನ್ನ ಹಿಂದಿನ ಮೋಟಾರು ಏಕೆ ಸುಟ್ಟಿತೆಂದು ವಿಚಾರಿಸಿರಿ. ಕಡಿಮೆ ವೋಲ್ಟೇಜು, ಒಂದು ಫೇಸ್ ತಪ್ಪುವುದು, ನೀರಿಲ್ಲದೆ ಓಡುವುದು—ಇವು ಕಾರಣವಾದರೆ ದುಬಾರಿ ಮೋಟಾರೂ ಸುಡುತ್ತದೆ. ಆಗ ಮೊದಲು ಸ್ಟಾರ್ಟರಿಗೆ ರಕ್ಷಣಾ ಸಾಧನ ಹಾಕಿಸುವುದೇ ಮೇಲು. ಪಂಪಿನ ಮೇಲೆ ಐ.ಎಸ್. 8034 ಗುರುತಿದೆಯೇ, ಅದರ ಹೆಡ್ ಬಾವಿಯ ಆಳಕ್ಕೆ ಹೊಂದುತ್ತದೆಯೇ ಎಂಬುದನ್ನು ನೋಡಿಯೇ ಹಣ ಕೊಡಿರಿ. ಪ್ರತಿ ದುರಸ್ತಿಯ ತಾರೀಖು ಮತ್ತು ಖರ್ಚನ್ನು ಬರೆದಿಟ್ಟರೆ ಮುಂದಿನ ಸಲ ಅಂಗಡಿಯವರ ಮಾತಿಗಿಂತ ಆ ಲೆಕ್ಕವೇ ನೆರವಾಗುತ್ತದೆ.