ನಿಮಗಿದು ಗೊತ್ತೆ? ಕಲ್ಲಲ್ಲ, ಮೀನಿನ ಮೂಳೆ!

ಕೈಗೆತ್ತಿಕೊಂಡರೆ ಹೊಳೆಯ ಉರುಟು ಕಲ್ಲಿನಂತೆ. ಆದರೆ ಅದು ಲಕ್ಷಾಂತರ ವರ್ಷ ಹಿಂದಿನ ಮೀನಿನ ಮೂಳೆ. ಅಮೆರಿಕದ ಫ್ಲಾರಿಡಾ, ಉತ್ತರ ಕೆರೊಲಿನಾಗಳಲ್ಲಿ ಪಳೆಯುಳಿಕೆ ಹೆಕ್ಕುವ ಹವ್ಯಾಸಿಗಳನ್ನು ಇದು ಎಷ್ಟೋ ಸಲ ತಬ್ಬಿಬ್ಬು ಮಾಡುತ್ತದೆ.

ಹೆಸರು ‘ಟಿಲ್ಲಿ ಬೋನ್’. ಅಳಿದ ಪ್ರಾಣಿಗಳ ಮಿದುಳನ್ನು ಅಧ್ಯಯನ ಮಾಡಿದ ಜರ್ಮನ್ ಮೂಲದ ವಿಜ್ಞಾನಿ ಟಿಲ್ಲಿ ಎಡಿಂಗರ್ (1897–1967) ಅವರ ಹೆಸರದು.

ಕೆಲವು ಮೀನುಗಳು ಬಲಿತಂತೆ ತಲೆಬುರುಡೆ, ಬೆನ್ನೆಲುಬಿನ ಮುಳ್ಳುಗಳು ಅಲ್ಲಲ್ಲಿ ಗಂಟಿನಂತೆ ಊದಿಕೊಳ್ಳುತ್ತವೆ. ಇದು ರೋಗವಲ್ಲ. ಯಾವ ಮೀನಿಗೆ ಯಾವ ಮೂಳೆ ಊದಬೇಕೆಂಬುದು ಬಹುಮಟ್ಟಿಗೆ ನಿಗದಿ. ಹಾಗಾಗಿ ಉಳಿದ ಅಸ್ಥಿಪಂಜರ ಮಣ್ಣಾಗಿದ್ದರೂ, ಒಂದು ಗಂಟಿನ ಆಕಾರ ನೋಡಿಯೇ ಮೀನಿನ ಕುಲ ಹೇಳಬಲ್ಲ ತಜ್ಞರಿದ್ದಾರೆ. ಎಂಥ ಸೊಗಸಾದ ಗುರುತು!

ಆದರೆ ನಮ್ಮ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರಿನ ಬಂಡೆಗಳಲ್ಲಿ ಇದನ್ನು ಹುಡುಕಬೇಡಿ. ಮೊಳಕಾಲ್ಮೂರು ಸೀಮೆಯ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ. ಮೀನು ಹುಟ್ಟಿ ಸುಮಾರು 50 ಕೋಟಿ ವರ್ಷವಷ್ಟೇ. ಅಲ್ಲೇ ಇರುವ, ಅಶೋಕನ ಶಾಸನ ಹೊತ್ತ ಬ್ರಹ್ಮಗಿರಿಯ ಬಂಡೆ ರೂಪುಗೊಂಡಾಗ ಜಗತ್ತಿನಲ್ಲಿ ಮೂಳೆ ಎಂಬುದೇ ಇರಲಿಲ್ಲ! ಈ ಜಿಲ್ಲೆಯ ಹಳೆಯ ಸುಣ್ಣಕಲ್ಲಿನಲ್ಲಿ ಸಿಗುವುದು ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮಾಟೊಲೈಟ್.

ಊದಿದ ಮೂಳೆ ಕಣ್ಣಾರೆ ನೋಡಬೇಕೆ? ಪಳೆಯುಳಿಕೆಯೇ ಬೇಕಿಲ್ಲ. ಮಲ್ಪೆ, ಮಂಗಳೂರಿನ ದಕ್ಕೆಗೆ ಬರುವ ಉದ್ದನೆಯ ಬೆಳ್ಳಿಪಟ್ಟಿಯಂಥ ಪಾಂಬೋಲು ಮೀನು ಸಾಕು. ದೊಡ್ಡ ಪಾಂಬೋಲಿನ ಮುಳ್ಳು ಬಿಡಿಸುವಾಗ ಬೆರಳಿಗೆ ಗಟ್ಟಿ ಗಂಟು ತಾಗಿದರೆ, ಅದೇ ಇದು.