ನುಂಗಿದ ವೈರಿ ಸಾಯಲೇಬೇಕೆಂದಿಲ್ಲ

ಗಡಿನಾಡಿನ ಈ ಶಾಲೆಯಲ್ಲಿ ಬಹುಕಾಲ ವಿಜ್ಞಾನವನ್ನು ಕನ್ನಡದಲ್ಲೇ ಬೋಧಿಸಿದವನು ನಾನು. ಸುವರ್ಣ ಮಹೋತ್ಸವದ ಈ ಶುಭಸಂದರ್ಭದಲ್ಲಿ ಹಳೆಯ ವಿದ್ಯಾರ್ಥಿಗಳ ಮುಂದೆ ಇನ್ನೊಂದು ಪಾಠವನ್ನಿಡಲು ಬಯಸುತ್ತೇನೆ.

ನಮ್ಮ ಶರೀರದ ಕಾವಲುಗಾರರಲ್ಲಿ ಭಕ್ಷಕ ಕೋಶಗಳು ಮುಖ್ಯವಾದವು. ಅವು ರೋಗಾಣುಗಳನ್ನು ನುಂಗಿ ಜೀರ್ಣಿಸುತ್ತವೆ. 1882ರಲ್ಲಿ ನಕ್ಷತ್ರಮೀನಿನ ಮರಿಗಳಲ್ಲಿ ಈ ಕ್ರಿಯೆಯನ್ನು ಗಮನಿಸಿದ ರಷ್ಯದ ಇಲ್ಯಾ ಮೆಚ್ನಿಕಾಫ್, 1908ರಲ್ಲಿ ಪಾಲ್ ಎರ್ಲಿಕ್ ಅವರೊಡನೆ ನೊಬೆಲ್ ಪಾರಿತೋಷಕ ಪಡೆದರು. ಆದರೆ ನುಂಗಿದ್ದೆಲ್ಲವೂ ಜೀರ್ಣವಾಗುವುದೇ?

ಇಲ್ಲ ಎನ್ನುತ್ತದೆ ನಾಯಿಕೆಮ್ಮಿನ ರೋಗಾಣು. ಬೆಲ್ಜಿಯಂ ದೇಶದ ಬೋರ್ಡೆ ಮತ್ತು ಝಾಂಗೂ 1906ರಲ್ಲಿ ಪ್ರಕಟಪಡಿಸಿದ ಈ ಬ್ಯಾಕ್ಟೀರಿಯಾದ ಮೈಮೇಲೆ ದಾರದಂತಹ ಒಂದು ಅಂಟು ಪ್ರೋಟೀನು ಇರುತ್ತದೆ. ಅದರ ನೆರವಿನಿಂದ ರೋಗಾಣು ಮೊದಲು ಶ್ವಾಸನಾಳದ ಸೂಕ್ಷ್ಮ ರೋಮಗಳಿಗೆ ಕಚ್ಚಿಕೊಳ್ಳುತ್ತದೆ. ಭಕ್ಷಕ ಕೋಶ ಎದುರಾದಾಗ ಅದೇ ಪ್ರೋಟೀನು ಆ ಕೋಶದ ಮೇಲಿರುವ ಒಂದು ಗ್ರಾಹಕವನ್ನು ಹಿಡಿಯುತ್ತದೆ. 1990ರಲ್ಲಿ ವಿಜ್ಞಾನಿಗಳು ಗುರುತಿಸಿದ ಈ ಗ್ರಾಹಕವನ್ನು ಒಂದು ಬಾಗಿಲೆಂದು ಭಾವಿಸೋಣ.

ಕೋಶಕ್ಕೆ ಬಾಗಿಲುಗಳು ಹಲವು. ಎಲ್ಲದರ ಸ್ವಾಗತವೂ ಒಂದೇ ತೆರನಲ್ಲ. ಈ ಬಾಗಿಲಿನಿಂದ ಪ್ರವೇಶಿಸಿದ ಅತಿಥಿಯ ಮೇಲೆ ಕೋಶವು ಆಮ್ಲಜನಕದಿಂದ ತಯಾರಿಸುವ ಮಾರಕ ರಾಸಾಯನಿಕಗಳನ್ನು ಸುರಿಯುವುದು ಕಡಿಮೆ. ಒಳಹೊಕ್ಕವುಗಳಲ್ಲಿ ಬಹಳಷ್ಟು ನಾಶವಾದರೂ, ಕೆಲವು ಜೀರ್ಣರಸದ ಚೀಲಗಳಿಗೆ ಸಿಕ್ಕದೆ ಬದುಕಿ ವೃದ್ಧಿಯಾಗುವುದನ್ನು ಪ್ರಯೋಗಾಲಯಗಳಲ್ಲಿ ಕಂಡಿದ್ದಾರೆ. ಕಳ್ಳನು ಕಾವಲುಗಾರನ ಮನೆಯ ಅಟ್ಟದಲ್ಲೇ ಅಡಗಿ ಕುಳಿತಂತೆ!

ಅದೇ ರೋಗಾಣುವಿಗೆ ಪ್ರತಿಕಾಯಗಳು ಮೊದಲೇ ಅಂಟಿಕೊಂಡಿದ್ದರೆ ಕಥೆಯೇ ಬೇರೆ. ಆಗ ಕೋಶವು ಪ್ರತಿಕಾಯದ ಬಾಲವನ್ನು ಹಿಡಿದು, ಮತ್ತೊಂದು ಬಾಗಿಲಿನಿಂದ ಒಳಗೆಳೆದುಕೊಂಡು, ನೇರವಾಗಿ ಜೀರ್ಣರಸಕ್ಕೆ ಒಪ್ಪಿಸುತ್ತದೆ. ರೋಗಾಣು ಒಂದೇ, ಕೋಶವೂ ಒಂದೇ. ಪ್ರವೇಶದ ಮಾರ್ಗವು ಫಲವನ್ನು ಬದಲಿಸಿತು.

"ಶರೀರಕ್ಕೆ ತಾನೇ ಹೋರಾಡುವ ಶಕ್ತಿಯಿರುವಾಗ ಚುಚ್ಚುಮದ್ದೇಕೆ, ಮಾಸ್ತರರೇ?" ಎಂದು ಪಾಲಕರು ನನ್ನನ್ನು ಕೇಳಿದ್ದುಂಟು. ಉತ್ತರ ಇಲ್ಲಿದೆ. ಲಸಿಕೆಯು ಪ್ರತಿಕಾಯಗಳನ್ನು ಮುಂಚಿತವಾಗಿ ಸಿದ್ಧಪಡಿಸಿ, ವೈರಿಯನ್ನು ಸರಿಯಾದ ಬಾಗಿಲಿಗೆ ತರುತ್ತದೆ. 1981ರಿಂದ ಜಪಾನಿನಲ್ಲಿ ಬಳಕೆಗೆ ಬಂದ ಒಂದು ಬಗೆಯ ಲಸಿಕೆಯಲ್ಲಂತೂ ಈ ಅಂಟು ಪ್ರೋಟೀನನ್ನೇ ಶುದ್ಧೀಕರಿಸಿ ಸೇರಿಸಲಾಯಿತು. ವೈರಿಯ ಆಯುಧವೇ ವೈರಿಗೆ ಮುಳುವಾಯಿತು.

ಈ ರಕ್ಷಣೆಯು ಕಾಲಕ್ರಮದಲ್ಲಿ ಕುಗ್ಗುತ್ತದೆ. ಆದುದರಿಂದ ನಮ್ಮ ದೇಶದಲ್ಲಿ ಮಗುವಿಗೆ 6, 10 ಮತ್ತು 14ನೆಯ ವಾರಗಳಲ್ಲಿ, ಅನಂತರ 16ರಿಂದ 24 ತಿಂಗಳೊಳಗೆ, ಮತ್ತೆ 5–6 ವರ್ಷಕ್ಕೆ ಲಸಿಕೆ ಕೊಡುತ್ತಾರೆ. ಕೊನೆಯದು ಒಂದನೆಯ ತರಗತಿಗೆ ಸೇರುವ ವಯಸ್ಸು. ಸಡಗರದಲ್ಲಿ ಹಲವರು ಅದನ್ನು ಮರೆಯುತ್ತಾರೆ. ಮೊಮ್ಮಕ್ಕಳನ್ನು ಈ ಶಾಲೆಗೆ ಕರೆತರುವ ನನ್ನ ಹಳೆಯ ವಿದ್ಯಾರ್ಥಿಗಳು ಪಾಟಿಚೀಲದೊಂದಿಗೆ ಲಸಿಕೆಯ ಚೀಟಿಯನ್ನೂ ಒಮ್ಮೆ ತೆರೆದು ನೋಡಲಿ.